ಪ್ರತಿಕ್ರಿಯೆ: ಹಳೆಯ ಗ್ರಾನೈಟ್ ಕಟ್ಟೆಯ ಕೆಳಗೆ ಐಕಿಯಾ ಕ್ಯಾಬಿನೆಟ್ ಕೂರುತ್ತಾ?

82 ಸೆಂ.ಮೀ. ಎತ್ತರದ ಹಳೇ ಕಟ್ಟೆಯನ್ನು ಹಾಗೇ ಬಿಟ್ಟು ಅದರ ಕೆಳಗೆ ಐಕಿಯಾದ ಅಡುಗೆಮನೆ ಕ್ಯಾಬಿನೆಟ್ ಮೆಟೋಡ್ ತಳ್ಳಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಕ್ಯಾಬಿನೆಟ್ ಡಬ್ಬದ ಎತ್ತರವೇ 80 ಸೆಂ.ಮೀ., ಕಾಲು 8. ಅಲ್ಲಿಗೇ 88 ಆಯಿತು. ಡಬ್ಬ ಕೊಯ್ದು ಗಿಡ್ಡ ಮಾಡಲು ಹೋಗಬೇಡಿ, ಡ್ರಾಯರ್ ಹಳಿಗಳ ತೂತುಗಳೆಲ್ಲ ಲೆಕ್ಕ ತಪ್ಪುತ್ತವೆ. ಕಲ್ಲು ತೆಗೆಸಿ, 20 ಮಿ.ಮೀ. ಹೊಸ ಗ್ರಾನೈಟ್ ಹಾಕಿಸಿದರೆ 90 ಸೆಂ.ಮೀ.ಗೆ ಬರುತ್ತದೆ.

ಇನ್ನು ನೀವು ಹೇಳಿದ 265 ಸೆಂ.ಮೀ. ಉದ್ದದ ಗೋಡೆ. ನೆಲದ ಹತ್ತಿರ, ಮಧ್ಯ, ಕಟ್ಟೆಯ ಮಟ್ಟ, ಮೂರೂ ಕಡೆ ಅಳೆಯಿರಿ. ಹಳೇ ಗಾರೆ ಗೋಡೆ ನೆಟ್ಟಗಿರುವುದು ಅಪರೂಪ. ಅತಿ ಕಡಿಮೆ ಬಂದದ್ದೇ ನಿಮ್ಮ ಅಳತೆ. 80+80+60 ಅಗಲದ ಮೂರು ಡಬ್ಬ ಇಟ್ಟರೆ ಸುಮಾರು 45 ಸೆಂ.ಮೀ. ಉಳಿಯುತ್ತದೆ. ಅದನ್ನು ಮೂಲೆಯಲ್ಲಿ ಸಿಲಿಂಡರಿಗೆ ಬಿಡಿ. 14.2 ಕೆ.ಜಿ. ಸಿಲಿಂಡರ್ ಸುಮಾರು 32 ಸೆಂ.ಮೀ. ಅಗಲ, ತುಂಬಿದಾಗ 30 ಕೆ.ಜಿ. ಹತ್ತಿರ; ಅದು ನೆಲದ ಮೇಲೇ ನಿಲ್ಲಬೇಕು. ಗೋಡೆಯ ಸೊಟ್ಟವೂ ಅಲ್ಲೇ ಅಡಗುತ್ತದೆ. ಆ ಜಾಗಕ್ಕೆ ಕಾಲುಗಳನ್ನು ಮುಚ್ಚುವ ಕೆಳಪಟ್ಟಿ ಬೇಡ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಹೊರಹೋಗಲು ದಾರಿ ಬೇಕು. ಅಲ್ಲಿ ಕೆಳಗೆ ಡಬ್ಬ ಇರುವುದಿಲ್ಲ, ಹಾಗಾಗಿ ಮೇಲಿನ ಕಲ್ಲಿನ ತುದಿಗೆ ಆಧಾರವಾಗಿ ಗೋಡೆಯಲ್ಲಿ ಕಬ್ಬಿಣದ ಆಂಗಲ್ ಕೊಡಿಸಿ.

ಹೆಚ್ಚು ಹಾಳಾಗುವುದು ಸಿಂಕಿನ ಡಬ್ಬ. ಪೈಪಿಗೆ ಕೊರೆದ ಅಂಚಿನಲ್ಲಿ ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿಸಿ ಮಾಡಿದ ಹಲಗೆ) ಬೆತ್ತಲಾಗಿರುತ್ತದೆ. ನೀರು ತಾಗಿದರೆ ಬ್ರೆಡ್ಡಿನಂತೆ ಉಬ್ಬಿ, ಮತ್ತೆ ಇಳಿಯುವುದಿಲ್ಲ. ಕೊಯ್ದ ದಿನವೇ, ಪೈಪ್ ಜೋಡಿಸುವ ಮೊದಲೇ, ಪ್ರತಿ ಅಂಚಿಗೂ ನೀರು ತಡೆಯುವ ಸಿಲಿಕೋನ್ ಅಂಟು ತೀಡಿ. ಪ್ಲಂಬರ್ ಬೇಡ ಅಂದರೂ ಬಿಡಬೇಡಿ.