ಐರ್ಲೆಂಡ್‌ನ ಕ್ರೀಡಾ ಅನುದಾನ: ಕ್ಲಬ್ಬಿನವರು ಏನು ಸಿದ್ಧ ಮಾಡಿಕೊಳ್ಳಬೇಕು?

ಪ್ರಶ್ನೆ: ಡಬ್ಲಿನ್‌ನಲ್ಲಿ ನಮ್ಮದೊಂದು ಕ್ರಿಕೆಟ್ ಕ್ಲಬ್ ಇದೆ. ಆಡುವ ಜಾಗ ಬಾಡಿಗೆಯದು. ಪಿಚ್ ಕವರ್, ರೋಲರ್‌ಗೆ ಸರ್ಕಾರದ ನೆರವು ಸಿಗುತ್ತದೆಯೇ?

ಉತ್ತರ: ಸಿಗಬಹುದು. ಅಲ್ಲಿನ ಸಮುದಾಯ ಕ್ರೀಡಾ ಸೌಲಭ್ಯ ನಿಧಿ (ಹಿಂದೆ ಇದರ ಹೆಸರು ಕ್ರೀಡಾ ಬಂಡವಾಳ ಮತ್ತು ಸಲಕರಣೆ ಯೋಜನೆ) ಇರುವುದೇ ಇಂಥದ್ದಕ್ಕೆ. ಆದರೆ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ, ಆಗಾಗ ಸುತ್ತುಗಳಲ್ಲಿ ಕರೆಯುತ್ತಾರೆ. ಹಾಗಾಗಿ ‘ಆಸ್ಕರ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಕ್ಲಬ್ಬಿನ ಹೆಸರನ್ನು ಈಗಲೇ ನೋಂದಾಯಿಸಿಬಿಡಿ. ಅದಕ್ಕೆ ಕ್ಲಬ್ಬಿನ ತೆರಿಗೆ ಸಂಖ್ಯೆ ಬೇಕು.

ನಿಮಗೆ ಅನುಕೂಲವಾದ ಸಂಗತಿಯೆಂದರೆ, ಸಲಕರಣೆ ಮಾತ್ರ ಕೇಳಿದರೆ ಜಾಗದ ಹಕ್ಕುಪತ್ರ ಬೇಡ. ನೆಟ್ಸ್, ದೀಪ, ಡ್ರೆಸ್ಸಿಂಗ್ ರೂಮ್ ಕಟ್ಟುವುದಾದರೆ ಮಾತ್ರ ಜಾಗ ಸ್ವಂತದ್ದಾಗಿರಬೇಕು, ಇಲ್ಲವೇ ದೀರ್ಘಾವಧಿ ಗುತ್ತಿಗೆ ಇರಬೇಕು. ವರ್ಷ ವರ್ಷ ನವೀಕರಿಸುವ ಬಾಡಿಗೆ ಚೀಟಿ ಅಲ್ಲಿ ನಡೆಯದು. ಜೆರ್ಸಿ, ಬ್ಯಾಟ್‌ನಂಥ ಆಟಗಾರರ ವೈಯಕ್ತಿಕ ವಸ್ತುಗಳಿಗೆ ಹಣವಿಲ್ಲ.

ಅರ್ಜಿ ಎಡವುವುದು ಹೆಚ್ಚಾಗಿ ಕಾಗದದಲ್ಲಿ. ಕ್ಲಬ್ಬೂ ತನ್ನ ಪಾಲು ಹಾಕಬೇಕು. ಆ ಹಣ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಕ್ಲಬ್ಬಿನ ಹೆಸರಿನಲ್ಲೇ ಇರಬೇಕು. ಖಜಾಂಚಿಯ ಸ್ವಂತ ಖಾತೆಯಲ್ಲಿಟ್ಟ ಹಣ ಲೆಕ್ಕಕ್ಕೆ ಬಾರದು. ಮಾರಾಟಗಾರರು ಕೊಡುವ ದರಪಟ್ಟಿಯಲ್ಲಿ ‘ಸಲಕರಣೆ’ ಎಂದಷ್ಟೇ ಬರೆಸದೆ, ರೋಲರ್ ಎಷ್ಟು, ಕವರ್ ಎಷ್ಟು ಎಂದು ಬಿಡಿಸಿ ಬರೆಸಿ.

ಮಂಜೂರಾತಿ ಪತ್ರ ಬರುವ ಮುನ್ನ ದಯವಿಟ್ಟು ಏನನ್ನೂ ಖರೀದಿಸಬೇಡಿ. ಆಗಲೇ ಮಾಡಿದ ಖರ್ಚಿಗೆ ಅನುದಾನವಿಲ್ಲ. ಅಂಕ ಕೊಡುವಾಗ ಹಿಂದುಳಿದ ಬಡಾವಣೆ, ಮಹಿಳೆಯರ ಭಾಗವಹಿಸುವಿಕೆ, ಸಲಕರಣೆಯನ್ನು ಬೇರೆ ತಂಡಗಳೊಂದಿಗೆ ಹಂಚಿಕೊಳ್ಳುವುದು ಇವನ್ನೆಲ್ಲ ನೋಡುತ್ತಾರೆ. ಹಾಗೆ ಹಂಚಿಕೊಳ್ಳಲು ಪಕ್ಕದ ಶಾಲೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡರೆ ನಿಮ್ಮ ಅರ್ಜಿಗೆ ಬಲ ಬರುತ್ತದೆ.