ಕನ್ನಡ ವಾಕ್ಯದಿಂದ ಪದಗಳನ್ನು ಬೇರ್ಪಡಿಸಲು ಪೈಥಾನ್‌ನಲ್ಲಿ ಸ್ಪ್ಲಿಟ್, ರೆಗೆಕ್ಸ್ ಇವೆರಡರಲ್ಲಿ ಯಾವುದು ವೇಗ?

ಶ್ರೀನಿವಾಸಪುರದ ಮಾವಿನ ಮಂಡಿಯೊಂದರಿಂದ ಸಂಜೆ ಹೊತ್ತಿಗೆ ಬರುತ್ತಿದ್ದ ವಾಟ್ಸ್‌ಆ್ಯಪ್ ಸಂದೇಶಗಳಿಂದ ತಳಿವಾರು ದರಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆಯುವಾಗ ನಾನೂ ನಿಮ್ಮಂತೆಯೇ ವೇಗದ ಚಿಂತೆಯಲ್ಲಿದ್ದೆ. ಖಾಲಿ ಜಾಗ ಕಂಡಲ್ಲಿ ವಾಕ್ಯವನ್ನು ಕತ್ತರಿಸುವ ಸ್ಪ್ಲಿಟ್ ಬಳಸಿದರೆ ‘ತೋತಾಪುರಿ,’ ಎಂಬಲ್ಲಿನ ಅಲ್ಪವಿರಾಮವೂ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಅದನ್ನು ಬಿಟ್ಟು, ಮಾದರಿಯೊಂದನ್ನು ಕೊಟ್ಟು ಅದಕ್ಕೆ ಹೊಂದುವ ತುಂಡುಗಳನ್ನು ಹುಡುಕಿಸುವ ರೆಗೆಕ್ಸ್‌ನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್’ (\w+, ಅಂದರೆ ಪದದ ಅಕ್ಷರಗಳ ಸಾಲು) ಹಿಡಿದೆ. ‘ದರ’, ‘ನಗರ’ ಎಂಬ ಪದಗಳನ್ನು ಕೊಟ್ಟು ನೋಡಿದಾಗ ಸರಿಯಾಗಿಯೇ ಬಂದವು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದ್ದು ತಪ್ಪಾಯಿತು.

ಆ ಪದಗಳಲ್ಲಿ ಗುಣಿತವೂ ಇಲ್ಲ, ಒತ್ತಕ್ಷರವೂ ಇಲ್ಲ. ಎಲ್ಲ ಲಿಪಿಗಳಿಗೂ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ತ’ ಒಂದು ಅಕ್ಷರ. ಆದರೆ ಅದಕ್ಕೆ ಹತ್ತುವ ಗುಡಿಸು, ಕೊಂಬು, ಓತ್ವ, ಒತ್ತಕ್ಷರ ಮೂಡಿಸುವ ಹಲಂತ ಇವೆಲ್ಲ ಅಕ್ಷರಗಳ ವರ್ಗಕ್ಕೆ ಸೇರದೆ ಚಿಹ್ನೆಗಳ ವರ್ಗಕ್ಕೆ ಸೇರುತ್ತವೆ. ಪೈಥಾನ್‌ನ ಜೊತೆಯಲ್ಲೇ ಬರುವ ರೆಗೆಕ್ಸ್, ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ ಪದದ ಭಾಗವೆಂದು ಎಣಿಸಿ, ಚಿಹ್ನೆ ಕಂಡಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. ‘ತೋತಾಪುರಿ’ ಹೋಗಿ ‘ತ’, ‘ತ’, ‘ಪ’, ‘ರ’ ಆಯಿತು. ‘ರಸಪುರಿ’ ಎಂಬುದು ‘ರಸಪ’, ‘ರ’ ಎಂದು ಎರಡು ತುಂಡಾಯಿತು. ಯಾವ ತಳಿಯ ಹೆಸರೂ ಹೊಂದದೆ ಎಲ್ಲ ದರಗಳೂ ‘ಇತರೆ’ ಕಾಲಂಗೆ ಹೋಗಿ ಬಿದ್ದವು. ಮೂಲ ಸಂದೇಶಗಳನ್ನು ಉಳಿಸಿಕೊಂಡಿರದ ಕಾರಣ, ಆ ಹಂಗಾಮಿನ ಪಟ್ಟಿಯನ್ನು ಮತ್ತೆ ಕಟ್ಟಲಾಗಲಿಲ್ಲ.

ಆದ್ದರಿಂದ ‘ಯಾವುದು ವೇಗ’ ಎಂಬ ಪ್ರಶ್ನೆಯನ್ನೇ ಕೈಬಿಡಿ. ಕೆಲವು ನೂರು ಸಾಲುಗಳಿಗೆ ಎರಡೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತವೆ. ಕನ್ನಡ ಪದವೆಂದರೆ ಏನೆಂಬುದನ್ನು ನೀವೇ ಹೇಳಬೇಕು: ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ 128 ಸ್ಥಾನಗಳನ್ನು ರೆಗೆಕ್ಸ್ ಮಾದರಿಯ ಚೌಕ ಕಂಸದಲ್ಲಿ ಕೊಟ್ಟು, ಹೊಂದುವ ತುಂಡುಗಳನ್ನೆಲ್ಲ ಹೆಕ್ಕಿ ಕೊಡುವ ಫೈಂಡಾಲ್ ಬಳಸಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವಿರುವುದರಿಂದ 200ಸಿ ಮತ್ತು 200ಡಿಗಳನ್ನೂ ಅದೇ ಕಂಸಕ್ಕೆ ಸೇರಿಸಿ, ದರದ ಅಂಕಿಗಳನ್ನು ಬೇರೆಯಾಗಿಯೇ ಹುಡುಕಿ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ‘ತೋ’ದಲ್ಲಿರುವ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಹೋಲಿಸಿದಾಗ ಬೇರೆ ಬೇರೆ. ಆದ್ದರಿಂದ ಹೋಲಿಕೆಗೆ ಮುನ್ನ, ಸಂದೇಶವನ್ನೂ ನಿಮ್ಮ ತಳಿಪಟ್ಟಿಯನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾದ ನಾರ್ಮಲೈಸ್ ಮೂಲಕ, ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.