ಸಾಫ್ಟ್‌ವೇರ್‌ಗೆ ಮುಂಗಡ ಕೊಡುವ ಮೊದಲು ಸರಕಿನ ಪಟ್ಟಿ ಸರಿ ಮಾಡಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಮತ್ತು ಪ್ಲಂಬಿಂಗ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನೂ ಜೊತೆಗಿದ್ದೇನೆ. ಎರಡು ಗೋಡೌನ್ ಇವೆ, 11 ಜನ ಕೆಲಸಕ್ಕಿದ್ದಾರೆ. ಹೋದ ವರ್ಷ ವಹಿವಾಟು 5 ಕೋಟಿ ದಾಟಿತು. ಬಿಲ್ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ಸ್ಟಾಕ್ ಎಷ್ಟಿದೆ ಅಂತ ಗೋಡೌನ್ ಹುಡುಗರನ್ನೇ ಕೇಳಬೇಕು. ಉದ್ರಿ ಲೆಕ್ಕ ಅಪ್ಪನ ಪುಸ್ತಕದಲ್ಲಿದೆ. ಈಗ ಒಂದು ಕಂಪನಿಯವರು ಇಆರ್‌ಪಿ (ಬಿಲ್, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್), ಮೊಬೈಲ್ ಆ್ಯಪ್, ವೆಬ್‌ಸೈಟ್ ಎಲ್ಲ ಸೇರಿಸಿ 9 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ಅಂಗಡಿ ಪೂರ್ತಿ ಡಿಜಿಟಲ್ ಮಾಡಿಕೊಡುತ್ತಾರಂತೆ. ಅಪ್ಪ ಬೇಡವೇ ಬೇಡ ಅನ್ನುತ್ತಾರೆ. ಮುಂದುವರಿಯಲೋ ಬೇಡವೋ?

ಉತ್ತರ: ಈಗಲೇ ಸಹಿ ಹಾಕಬೇಡಿ. ಆ ಕಂಪನಿಯವರ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ನಿಮ್ಮ ಅಂಗಡಿ ಇನ್ನೂ ಅದಕ್ಕೆ ತಯಾರಾಗಿಲ್ಲ, ಅಷ್ಟೆ. ಯಾವ ಸರಕು ಎಷ್ಟಿದೆ ಗೊತ್ತಿಲ್ಲ, ಯಾರಿಂದ ಎಷ್ಟು ಬರಬೇಕು ಅನ್ನುವುದು ಒಬ್ಬರಿಗೆ ಮಾತ್ರ ಗೊತ್ತು. ನಿಮ್ಮ ದುಡ್ಡೆಲ್ಲ ಈ ಎರಡರಲ್ಲೇ ಕೂತಿದೆ. ಇದನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಯೋಜನೆ ಇಲ್ಲಿಂದ ಶುರುವಾಗಬೇಕು. ವೆಬ್‌ಸೈಟ್ ಸದ್ಯಕ್ಕೆ ಬೇಡ. ಹರಿಹರದ ಅಂಗಡಿಯವರು, ಜಗಳೂರಿನ ಪ್ಲಂಬರ್ ನಿಮಗೆ ಫೋನ್ ಮಾಡುತ್ತಾರೆ, ಇಲ್ಲ ವಾಟ್ಸಾಪ್‌ನಲ್ಲಿ ಚೀಟಿಯ ಫೋಟೋ ಕಳಿಸುತ್ತಾರೆ. ಅದು ಚೆನ್ನಾಗಿಯೇ ನಡೆಯುತ್ತಿದೆ ಅಲ್ವಾ?

ಆದರೆ ಒಂದು ಕೆಲಸ ಮಾತ್ರ ಈ ವಾರವೇ ಆಗಬೇಕು. 2017-18ರಿಂದ ಈಚೆಗೆ ಯಾವುದೇ ಒಂದು ವರ್ಷ ವಹಿವಾಟು 5 ಕೋಟಿ ದಾಟಿದ್ದರೆ, ಜಿಎಸ್‌ಟಿ ನೋಂದಣಿ ಇರುವ ಗಿರಾಕಿಗೆ ಕೊಡುವ ಬಿಲ್‌ಗೆ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು) ಕಡ್ಡಾಯ. ಈ ಮಿತಿ 2023ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಇ-ಇನ್‌ವಾಯ್ಸ್ ಮಾಡಬೇಕಾದವರು ಮಾಡದೆ ಕೊಟ್ಟ ಬಿಲ್ಲನ್ನು ಜಿಎಸ್‌ಟಿ ನಿಯಮವು ಬಿಲ್ ಅಂತಲೇ ಒಪ್ಪುವುದಿಲ್ಲ. ಆಗ ನಿಮ್ಮ ಗಿರಾಕಿಯ ಇನ್‌ಪುಟ್ ಕ್ರೆಡಿಟ್‌ಗೂ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ) ತೊಡಕಾಗುತ್ತದೆ. ಜೊತೆಗೆ ಬಿಲ್‌ನಲ್ಲಿ ಸರಕಿನ ವರ್ಗ ತೋರಿಸುವ ಎಚ್‌ಎಸ್‌ಎನ್ ಕೋಡ್ 4 ಅಂಕಿ ಸಾಲುವುದಿಲ್ಲ, 6 ಅಂಕಿ ಬೇಕು. ನಿಮ್ಮ ಆಡಿಟರ್ ಹತ್ತಿರ ಇವತ್ತೇ ಮಾತಾಡಿ. ಇದಕ್ಕೂ ಇಆರ್‌ಪಿಗೂ ಸಂಬಂಧವಿಲ್ಲ, ನಿಮ್ಮ ಟ್ಯಾಲಿಯಲ್ಲೇ ಆಗುತ್ತದೆ.

ಇನ್ನು ದೊಡ್ಡ ಕೆಲಸ. ನನ್ನ ಪ್ರಕಾರ ಇಡೀ ಯೋಜನೆಯ ಅರ್ಧ ಭಾಗ ಇದೇ. ಅದು ಸರಕಿನ ಪಟ್ಟಿ.

ಟ್ಯಾಲಿ ತೆರೆದು ನಿಮ್ಮ ಐಟಂ ಪಟ್ಟಿಯಲ್ಲಿ ಅರ್ಧ ಇಂಚಿನ ಸಿಪಿವಿಸಿ ಎಲ್ಬೋ ಹುಡುಕಿ. ಒಂದು ಕಡೆ ‘ಎಲ್ಬೋ 15 ಎಂಎಂ’ ಅಂತ ಇರುತ್ತದೆ. ಇನ್ನೊಂದು ಕಡೆ ‘ಸಿಪಿವಿಸಿ ಬೆಂಡ್ ಅರ್ಧ’. ಮತ್ತೊಂದು ಕಡೆ ಕಂಪನಿಯ ಕೋಡ್ ನಂಬರ್ ಮಾತ್ರ. ಬಿಲ್ ಮಾಡುವವರು ಅವಸರದಲ್ಲಿ ಆಗಾಗ ಹೊಸ ಹೆಸರು ಸೇರಿಸುತ್ತಾ ಹೋಗಿರುತ್ತಾರೆ. ಗೋಡೌನ್ ಹುಡುಗನಿಗೆ ಮೂರೂ ಒಂದೇ ಡಬ್ಬಿ. ಕಂಪ್ಯೂಟರ್‌ಗೆ ಮೂರು ಬೇರೆ ಬೇರೆ ಸರಕು. ಖರೀದಿ ಒಂದು ಹೆಸರಲ್ಲಿ, ಮಾರಾಟ ಇನ್ನೊಂದು ಹೆಸರಲ್ಲಿ. ಹಾಗಾಗಿ ಒಂದರಲ್ಲಿ 400 ಪೀಸ್ ಉಳಿದಿದೆ ಅನ್ನುತ್ತದೆ, ಇನ್ನೊಂದರಲ್ಲಿ ಮೈನಸ್ 260. ಇದೇ ಪಟ್ಟಿಯನ್ನು 9 ಲಕ್ಷದ ಸಾಫ್ಟ್‌ವೇರ್‌ಗೆ ತುಂಬಿದರೂ ಮೈನಸ್ ಮೈನಸ್ಸೇ. ಆಮೇಲೆ ಎಲ್ಲರೂ ಸಾಫ್ಟ್‌ವೇರ್ ಸರಿ ಇಲ್ಲ ಅನ್ನುತ್ತಾರೆ.

ಅಳತೆಯದ್ದೂ ಇದೇ ಕಥೆ. ಮೊಳೆ ಮೂಟೆಯಲ್ಲಿ ಬರುತ್ತದೆ, ಕೆಜಿಯಲ್ಲಿ ಹೋಗುತ್ತದೆ. ವೈರ್ 90 ಮೀಟರ್ ಕಾಯಿಲ್‌ನಲ್ಲಿ ಬರುತ್ತದೆ, ಯಾರೋ 12 ಮೀಟರ್ ಕತ್ತರಿಸಿಕೊಂಡು ಹೋಗುತ್ತಾರೆ. ಪೈಪ್ ಲೆಂತ್ ಲೆಕ್ಕದಲ್ಲಿ ಬರುತ್ತದೆ, ಗಿರಾಕಿ ಅಡಿ ಲೆಕ್ಕದಲ್ಲಿ ಕೇಳುತ್ತಾನೆ. ಒಂದು ಸರಕಿಗೆ ಎರಡು ಅಳತೆ ಇಡುವ ಸೌಲಭ್ಯ ಟ್ಯಾಲಿಯಲ್ಲೇ ಇದೆ. ಗೋಡೌನ್‌ವಾರು ಸ್ಟಾಕ್, ಮತ್ತೆ ತರಿಸಬೇಕಾದ ಮಟ್ಟ, ಗಿರಾಕಿಗೆ ಉದ್ರಿ ಮಿತಿ, ಬಿಲ್‌ವಾರು ಬಾಕಿ, ಇವೆಲ್ಲವೂ ಇವೆ. ಟ್ಯಾಲಿ ನಮ್ಮ ಬೆಂಗಳೂರಿನದ್ದೇ ಕಂಪನಿ, 1986ರಿಂದ ನಡೆಯುತ್ತಿದೆ. ಆದರೂ ಬಿಲ್ ಹೊಡೆಯುವುದಕ್ಕೆ, ರಿಟರ್ನ್ ಹಾಕುವುದಕ್ಕೆ ಬಿಟ್ಟರೆ ಉಳಿದದ್ದನ್ನು ಮುಟ್ಟದ ಅಂಗಡಿಗಳೇ ಜಾಸ್ತಿ. ಮುಂದೆಯೂ ಅದನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿರುವುದನ್ನು ಪೂರ್ತಿ ಬಳಸಿ ನೋಡಿದರೆ, ಹೊಸದರಲ್ಲಿ ನಿಮಗೆ ನಿಜವಾಗಿ ಏನು ಬೇಕು ಅನ್ನುವುದು ತಿಳಿಯುತ್ತದೆ.

ಪಟ್ಟಿ ಸರಿ ಮಾಡುವುದು ಹೇಗೆ? ಹೋದ ವರ್ಷದ ಮಾರಾಟವನ್ನು ಸರಕಿನ ಪ್ರಕಾರ ತೆಗೆದು, ದೊಡ್ಡ ಮೊತ್ತದ್ದು ಮೇಲೆ ಬರುವ ಹಾಗೆ ಜೋಡಿಸಿ. ಮೇಲಿನ ಕೆಲವು ನೂರು ಸಾಲುಗಳಲ್ಲೇ ನಿಮ್ಮ ಬಹುಪಾಲು ವ್ಯಾಪಾರ ಕಾಣುತ್ತದೆ. ಅಷ್ಟನ್ನು ಮಾತ್ರ ಮೊದಲು ಹಿಡಿಯಿರಿ. ಹೆಸರಿಗೆ ಒಂದು ಕ್ರಮ ಇಡಿ: ಮೊದಲು ಸರಕು, ಆಮೇಲೆ ಯಾವುದರಿಂದ ಮಾಡಿದ್ದು, ಆಮೇಲೆ ಸೈಜ್, ಕೊನೆಗೆ ಕಂಪನಿ. ಈ ಕೆಲಸಕ್ಕೆ ಗೋಡೌನ್ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಯಾವುದರ ಇನ್ನೊಂದು ಹೆಸರು ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಪಟ್ಟಿ ಆದ ಮೇಲೆ ಹೊಸ ಐಟಂ ಸೇರಿಸುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಇದರಲ್ಲಿ ಸಡಿಲ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಪಟ್ಟಿ ಕೆಟ್ಟಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈಚಿನ ಉದಾಹರಣೆ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಬಿಳಿ ಸಿಮೆಂಟ್ ಒಂದೇ ಹೆಸರಲ್ಲಿ ಇದ್ದ ಅಂಗಡಿಯಲ್ಲಿ ಅದನ್ನು ಒಂದು ಕಡೆ ಬದಲಿಸಿದರೆ ಮುಗಿಯಿತು. ನಾಲ್ಕು ಹೆಸರಲ್ಲಿ ಇದ್ದ ಕಡೆ ಒಂದನ್ನು ಬಿಟ್ಟರೂ ಹಳೇ ದರದ ಬಿಲ್ ಹೋಗುತ್ತಲೇ ಇರುತ್ತದೆ.

ಸ್ಟಾಕ್ ಎಣಿಕೆಗೆ ಆಷಾಢ ಒಳ್ಳೆಯ ಸಮಯ. ಮಳೆಗೆ ಕಟ್ಟಡದ ಕೆಲಸ ನಿಧಾನವಾಗಿರುತ್ತದೆ, ಗೃಹಪ್ರವೇಶಗಳೂ ಇರುವುದಿಲ್ಲ, ಕೌಂಟರ್‌ನಲ್ಲಿ ಗದ್ದಲ ಕಡಿಮೆ. ಎರಡೂ ಗೋಡೌನ್ ಒಂದೇ ದಿನ ಎಣಿಸಲು ಹೋಗಬೇಡಿ. ರ್‍ಯಾಕ್ ರ್‍ಯಾಕ್ ಆಗಿ ಎಣಿಸಿ, ಎಣಿಸಿದ ರ್‍ಯಾಕಿಗೆ ನಂಬರ್ ಚೀಟಿ ಅಂಟಿಸಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಅಲ್ಲಲ್ಲಿ ಮತ್ತೆ ಎಣಿಸಿ ನೋಡಲಿ. ಭಾನುವಾರ ಬಂದು ಮಾಡಿದವರಿಗೆ ಆ ದಿನದ ಕೂಲಿ ಬೇರೆ ಕೊಡಿ. ಕೊಟೇಶನ್‌ನಲ್ಲಿ ಈ ಖರ್ಚು ಯಾರೂ ಬರೆಯುವುದಿಲ್ಲ, ಆದರೆ ಇದೇ ಅತಿ ಮುಖ್ಯವಾದ ಖರ್ಚು.

ಈಗ ನಿಮ್ಮ ಅಪ್ಪನ ಮಾತು. ಅವರ ‘ಬೇಡ’ದಲ್ಲಿ ಅರ್ಥವಿದೆ. ಆ ಪುಸ್ತಕದಲ್ಲಿ ಇರುವುದು ಬಾಕಿ ಮೊತ್ತ ಮಾತ್ರ. ಉಳಿದದ್ದೆಲ್ಲ ಅವರ ತಲೆಯಲ್ಲಿದೆ. ಚನ್ನಗಿರಿ ಕಡೆಯ ಅಂಗಡಿಯವರು ಅಡಿಕೆ ಮಾರಾಟವಾದ ಮೇಲೆ ಒಟ್ಟಿಗೆ ಕೊಡುತ್ತಾರೆ, ಅವರನ್ನು ನಡುವೆ ಕೇಳಬಾರದು. ಇನ್ನೊಬ್ಬ ಕಂಟ್ರಾಕ್ಟರ್ ಚಿಕ್ಕ ಬಿಲ್ ಕೂಡಲೇ ಕೊಡುತ್ತಾರೆ, ದೊಡ್ಡದಾದರೆ ಎಳೆಯುತ್ತಾರೆ. ಇಂಥದ್ದನ್ನು ಯಾವ ಸಾಫ್ಟ್‌ವೇರ್ ಕಂಪನಿಯೂ ತಂದುಕೊಡಲಾರದು. ಆದ್ದರಿಂದ ಅವರ ಹತ್ತಿರ ‘ಪುಸ್ತಕ ಬಿಡಿ’ ಅಂತ ಹೇಳಬೇಡಿ. ಒಬ್ಬೊಬ್ಬ ಗಿರಾಕಿಯ ಹೆಸರು ಓದಿ, ಇವರಿಗೆ ಎಷ್ಟರ ತನಕ ಉದ್ರಿ ಕೊಡಬಹುದು, ಎಷ್ಟು ದಿನ ಬಿಡಬಹುದು ಅಂತ ಕೇಳಿ. ಅವರು ಹೇಳಿದ್ದೇ ಮಿತಿ. ಮುಂದೆ ಕೌಂಟರ್‌ನಲ್ಲಿ ಹುಡುಗ ಬಿಲ್ ಮಾಡುವಾಗ ಮಿತಿ ದಾಟಿದರೆ ಅಲ್ಲೇ ತಡೆಯುತ್ತದೆ, ಅಪ್ಪ ಊರಲ್ಲಿ ಇಲ್ಲದಿದ್ದರೂ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಅವರೇ ಒಪ್ಪುತ್ತಾರೆ ಅಂತ ನನ್ನ ನಂಬಿಕೆ.

ಹಳೇ ಬಾಕಿಯನ್ನು ಒಟ್ಟು ಮೊತ್ತವಾಗಿ ಹಾಕಬೇಡಿ, ಬಿಲ್ ನಂಬರ್ ಪ್ರಕಾರ ಹಾಕಿ. ಪ್ರತಿ ಗಿರಾಕಿಗೂ ‘ನಮ್ಮ ಲೆಕ್ಕದಲ್ಲಿ ನಿಮ್ಮ ಬಾಕಿ ಇಷ್ಟಿದೆ, ಸರಿಯಾ ನೋಡಿ’ ಅಂತ ವಾಟ್ಸಾಪ್ ಕಳಿಸಿ. ಕೆಲವರು ತಕರಾರು ಎತ್ತುತ್ತಾರೆ. ಎತ್ತಲಿ. ಮೂರು ವರ್ಷ ಬಿಟ್ಟು ಎತ್ತುವುದಕ್ಕಿಂತ ಈಗಲೇ ಆಗುವುದು ಒಳ್ಳೆಯದು. ಪುಸ್ತಕ, ಕಂಪ್ಯೂಟರ್ ಎರಡೂ ಸತತ ಎರಡು ತಿಂಗಳ ಕೊನೆಗೆ ತಾಳೆಯಾಗುವ ತನಕ ಜೊತೆಯಲ್ಲಿ ನಡೆಯಲಿ. ತಾಳೆಯಾದ ಮೇಲೆ ಪುಸ್ತಕ ನಿಲ್ಲಿಸಿ. ಆ ತಾರೀಖನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡೆರಡು ಕೆಲಸ ವರ್ಷಗಟ್ಟಲೆ ಎಳೆಯುತ್ತದೆ.

ಇಷ್ಟಾದ ಮೇಲೆ ಕೊಟೇಶನ್ ಮತ್ತೆ ತೆಗೆದು ನೋಡಿ. ಹಳ್ಳಿ ಕಡೆ ಆರ್ಡರ್‌ಗೆ ಹೋಗುವ ಹುಡುಗನಿಗೆ ಫೋನ್‌ನಲ್ಲಿ ಸ್ಟಾಕ್ ಕಾಣಬೇಕು ಅನಿಸಿದರೆ, ಆ ಆ್ಯಪ್‌ಗೆ ಆಗ ದುಡ್ಡು ಹಾಕುವುದು ಸರಿ. ಡೆಮೊ ತೋರಿಸಲು ಬಂದವರಿಗೆ ನಿಮ್ಮದೇ ಅತಿ ತಲೆನೋವಿನ ಬಿಲ್ ಕೊಡಿ: ಅರ್ಧ ಕಾಯಿಲ್ ವೈರ್, ಎರಡು ಗೋಡೌನ್‌ನಿಂದ ಮಾಲು, ಸ್ವಲ್ಪ ವಾಪಸ್, ಸ್ವಲ್ಪ ಉದ್ರಿ. ಅದನ್ನು ನಿಮ್ಮ ಎದುರೇ ಮಾಡಿ ತೋರಿಸಲಿ. ಒಪ್ಪಂದ ಬಿಟ್ಟರೆ ನಿಮ್ಮ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ವಾಪಸ್ ಸಿಗುತ್ತದಾ, ಬರಹದಲ್ಲಿ ಕೇಳಿ. ವರ್ಷವರ್ಷ ಕಟ್ಟಬೇಕಾದ ಮೊತ್ತ ಎಷ್ಟು ಅಂತಲೂ ಬರೆಸಿಕೊಳ್ಳಿ. ದುಡ್ಡು ಹಂತ ಹಂತವಾಗಿ ಕೊಡಿ. ಹೊಸದಕ್ಕೆ ದಾಟುವ ದಿನ ವರ್ಷದ ಲೆಕ್ಕ ಮುಗಿಸುವ ಮಾರ್ಚ್‌ನಲ್ಲಂತೂ ಬೇಡ.

ಬ್ಯಾಕಪ್ ಬಗ್ಗೆಯೂ ಒಂದು ಮಾತು. ಪೆನ್‌ಡ್ರೈವ್ ಯಾವಾಗಲೂ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇದ್ದರೆ ವೈರಸ್ ಬಂದಾಗ ಅದೂ ಹೋಗುತ್ತದೆ. ಒಂದು ಪ್ರತಿ ಅಂಗಡಿಯಿಂದ ಹೊರಗೆ ಇರಲಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಲೇಬೇಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸು ನಡೆಸುತ್ತೇನೆ. ನಮ್ಮ ಹಳೇ ಗುಮಾಸ್ತರು ಹೊಸ ಸಾಫ್ಟ್‌ವೇರ್ ಬಂದಾಗಿನಿಂದ ಬೇಕಂತಲೇ ಎಂಟ್ರಿ ತಡ ಮಾಡುತ್ತಾರೆ. ಕೆಲಸ ಹೋಗುತ್ತದೆ ಅನ್ನುವ ಭಯ ಅವರಿಗೆ. ಅವರನ್ನು ಬಿಡುವ ಮನಸ್ಸು ನನಗಿಲ್ಲ.

ಉತ್ತರ: ಬಿಡುವ ಮನಸ್ಸಿಲ್ಲ ಅನ್ನುವುದನ್ನು ನನಗೆ ಬರೆದಿದ್ದೀರಿ. ಅವರಿಗೆ ಹೇಳಿದ್ದೀರಾ? ಎಲ್ಲರ ಎದುರು ಅಲ್ಲ, ಇಬ್ಬರೇ ಕೂತಾಗ ನೇರವಾಗಿ ಹೇಳಿ. ಸಂಬಳ, ಹುದ್ದೆ ಎರಡೂ ಹಾಗೇ ಇರುತ್ತವೆ ಅಂತ ಹೇಳಿ.

ಆಮೇಲೆ ಅವರ ಕೆಲಸ ಬದಲಿಸಿ. ಟೈಪ್ ಮಾಡುವ ಕೆಲಸ ಹುಡುಗರಿಗೆ ಕೊಡಿ, ತಪ್ಪು ಹಿಡಿಯುವ ಕೆಲಸ ಅವರಿಗೆ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡುವ ಚೀಟಿ) ಬೇಕು. ಸಾಮಾನ್ಯ ಲಾರಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ, ಮಿಕ್ಕ ತುಂಡು ದೂರಕ್ಕೂ ಒಂದು ದಿನ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿ.ಮೀ. ಮೇಲಿದೆ, ಅಂದರೆ ಮೂರು ದಿನ ಸಿಗುತ್ತದೆ. ಚಿತ್ರದುರ್ಗದಲ್ಲಿ ಲಾರಿ ಕೆಟ್ಟು ಮಾಲು ಬೇರೆ ಗಾಡಿಗೆ ಹೋದರೆ, ಬಿಲ್‌ನ ಬಿ ಭಾಗದಲ್ಲಿ ಹೊಸ ಗಾಡಿ ನಂಬರ್ ಹಾಕಬೇಕು. ಮರೆತರೆ ದಾರಿಯಲ್ಲಿ ತಪಾಸಣೆಯಾದಾಗ ಗಾಡಿ ನಿಲ್ಲುತ್ತದೆ. ಇಂಥದ್ದನ್ನು ನೆನಪಿಟ್ಟು ಡ್ರೈವರ್‌ಗೆ ಫೋನ್ ಮಾಡುವುದು ಅವರಂಥ ಅನುಭವಸ್ಥರ ಕೆಲಸ. ದಿನಾ ಬೆಳಿಗ್ಗೆ ಯಾವ ಬಿಲ್‌ನ ಅವಧಿ ಇವತ್ತು ಮುಗಿಯುತ್ತದೆ ಅನ್ನುವ ಪಟ್ಟಿ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಿ. ಪಟ್ಟಿ ಸರಿ ಬರಬೇಕಾದರೆ ಎಂಟ್ರಿ ಹೊತ್ತಿಗೆ ಸರಿಯಾಗಿ ಆಗಬೇಕು. ಆಗ ತಡ ಮಾಡಿದವರನ್ನು ಅವರೇ ಕೇಳುತ್ತಾರೆ.

ಪ್ರಶ್ನೆ: ಮೈಸೂರಿನಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಹಾಲು, ಚಿಪ್ಸ್, ಕೂಲ್‌ಡ್ರಿಂಕ್ಸ್ ಮಾರುತ್ತೇನೆ. ಹೋದ ಸಲ ಸಣ್ಣ ವ್ಯಾಪಾರಿಗಳಿಗೆಲ್ಲ ನೋಟಿಸ್ ಬಂದ ಮೇಲೆ ಕ್ಯೂಆರ್ ಕೋಡ್ ತೆಗೆದುಬಿಟ್ಟೆ. ಮತ್ತೆ ಹಾಕಲಾ?

ಉತ್ತರ: ಹಾಕಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ನಮ್ಮ ರಾಜ್ಯದಲ್ಲಿ ಎಷ್ಟೋ ಅಂಗಡಿಗಳ ಮುಂದೆ ‘ಕ್ಯಾಶ್ ಮಾತ್ರ’ ಅನ್ನುವ ಬೋರ್ಡ್ ಬಂತು. ಭಯ ಸಹಜ. ಆದರೆ ತೆರಿಗೆ ನಿಮ್ಮ ಮಾರಾಟದ ಮೇಲೆ. ದುಡ್ಡು ನೋಟಿನಲ್ಲಿ ಬಂದರೂ ಅದು ಮಾರಾಟವೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲಿಗೆ ತೆರಿಗೆ ಇಲ್ಲ. ಆದರೂ ನೀವು ತೆರಿಗೆಯ ಸರಕನ್ನೂ ಮಾರುವುದರಿಂದ ಹಾಲಿನ ಮಾರಾಟವೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಅಂಗಡಿಗೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು ಅದರಲ್ಲಿ ಬರಬಾರದು. ಹಾಲಿನ ಮಾರಾಟ ಎಷ್ಟು, ಉಳಿದದ್ದು ಎಷ್ಟು ಅಂತ ದಿನಾ ರಾತ್ರಿ ಎರಡು ಸಾಲು ಬರೆದಿಡಿ, ನೋಟ್‌ಬುಕ್ ಆದರೂ ಸಾಕು. ಹಾಲು, ಕೂಲ್‌ಡ್ರಿಂಕ್ಸ್ ಖರೀದಿ ಬಿಲ್‌ಗಳನ್ನು ತಿಂಗಳವಾರು ಇಟ್ಟುಕೊಳ್ಳಿ. 40 ಲಕ್ಷದ ಹತ್ತಿರ ಬರುತ್ತಿದ್ದರೆ ಕಾಂಪೊಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿ) ಬಗ್ಗೆ ಆಡಿಟರ್ ಹತ್ತಿರ ಕೇಳಿ. ಒಂದೂವರೆ ಕೋಟಿ ತನಕದ ವ್ಯಾಪಾರಿಗಳಿಗೆ ಅದು ಸಿಗುತ್ತದೆ, ತೆರಿಗೆ ಶೇ 1. ಗಿರಾಕಿಯಿಂದ ಅದನ್ನು ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ, ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ನಿಮ್ಮಂಥ ಅಂಗಡಿಗೆ ಲೆಕ್ಕದ ಕೆಲಸ ಹಗುರವಾಗುವುದರಿಂದ ಅದೇ ಅನುಕೂಲ.